ಸಂಜಿಗೆ ಬರ್ರಿ

೨೧-೧೨-೧೯೫೪, ಮಂಗಳವಾರ. ಕೊಲಂಬೋ. ಬೆಳಿಗ್ಗೆ ಆರೂವರೆ

ಕಡಲಿಗೆ ಹೊಸ್ತಿಲಿಲ್ಲ… ಮುಂದೆ ಏನು? ಎಲ್ಲಿ ಓದಿದ್ದು? ಮದರಾಸಿನ ಹಾಸ್ಟೆಲಿನ ಗೋಡೆಯ ಮೇಲೆ ಯಾರೋ ಪೆನ್ಸಿಲಿನಲ್ಲಿ ಬರೆದಿದ್ದರೋ, ಎಂ.ಎ. ಓದುವಾಗ ನಾನೇ ನೋಟ್‌ಬುಕ್ಕಿನ ಅಂಚಿನಲ್ಲಿ ಗೀಚಿದ್ದೋ. ಎರಡು ದಿನದಿಂದ ಅರ್ಧವೇ ನೆನಪಾಗುತ್ತಿದೆ. ಆ ಅರ್ಧವೂ ನಿಜವಲ್ಲ. ಮಂಡಪಂನಲ್ಲಿ ಒಂದು ಹೊಸ್ತಿಲು, ಹಡಗು ಹತ್ತುವಲ್ಲಿ ಒಂದು, ಇಳಿದ ಮೇಲೆ ತಲೈಮನ್ನಾರಿನಲ್ಲಿ ಇನ್ನೊಂದು. ಹೆಸರೇನು, ಗಂಡನ ಹೆಸರೇನು, ಸಿಡುಬಿನ ಚುಚ್ಚುಮದ್ದಿನ ಗುರುತು ಎಲ್ಲಿ, ಬಂದದ್ದು ಯಾಕೆ. ‘ಸೈಟ್‌ಸೀಯಿಂಗ್’ ಎಂದರು ಇವರು, ಪೇಶಕಾರರ ಗತ್ತಿನಲ್ಲಿ. ಆಫೀಸರ್ ನನ್ನ ಕಡೆ ನೋಡಿದ. ನಾನೂ ತಲೆಯಾಡಿಸಿದೆ.

ಕಿಟಕಿಯ ಹತ್ತಿರ ಕೂತು ಇವರು ಸಂಧ್ಯಾವಂದನೆ ಮುಗಿಸಿದರು. ಹೋಟೆಲಿನ ನೀರಿನ ಲೋಟವೇ ಪಂಚಪಾತ್ರೆ. ಮೂವತ್ತು ವರ್ಷ ನಾರಾಯಣಪೇಟೆಯ ತಹಸೀಲ್ ಕಚೇರಿಯಲ್ಲಿ ಪೇಶಕಾರರಾಗಿ ಉರ್ದು ಮಿಸಲು, ಕಡತಗಳ ನಡುವೆ ಕೂತವರು. ರಿಟೈರ್ ಆಗಿ ಎರಡೇ ತಿಂಗಳು.

“ಏನು ಎಂ.ಎ. ಬಾಯಾರ, ಬರದದ್ದು ಸಾಕು. ಸೂರ್ಯ ಇಲ್ಲೂ ಪೂರ್ವಕ್ಕನ ಹುಟ್ಟ್ಯಾನ. ನೋಡಿ ಖಾತ್ರಿ ಮಾಡಿಕೊಂಡೆ.”

ಊರಿನಲ್ಲಿ ಮಠದ ರಾಘಣ್ಣಾಚಾರ್ಯರು, ಸಮುದ್ರ ದಾಟಿದರೆ ಪ್ರಾಯಶ್ಚಿತ್ತ ಆಗಬೇಕು ಎಂದಿದ್ದರು. “ಹನುಮಪ್ಪ ದೇವರು ಹಾರಿ ಹೋದ, ರಾಮದೇವರು ಸೇತುವಿ ಕಟ್ಟಿ ಹೋದರು, ನಾವು ಟಿಕೀಟ ತಗೊಂಡು ಹೋಗತೀವಿ. ಮೂರೂ ಒಂದ, ಆಚಾರ್ರ” ಎಂದಿದ್ದರು ಇವರು.

ಕಾಶಿಗೆ ಹೋಗೋಣ ಎಂದವರು ಇವರು. ಕೊಲಂಬೋ ಎಂದವಳು ನಾನು. ಮದರಾಸಿನಲ್ಲಿ ದಡದಿಂದ ನೋಡಿದ್ದಾಯಿತು, ಒಮ್ಮೆ ದಾಟಬೇಕು ಎಂದೆ. ನಂಬಿದರು. ಮದುವೆಯಾದಾಗಿನಿಂದ ನಾನು ಹೇಳಿದ್ದನ್ನೆಲ್ಲ ನಂಬಿದವರು.

ಅದೇ ದಿನ, ಸಂಜೆ ಐದು

ಗಾಲ್ ಫೇಸ್ ಎಂಬ ಸಮುದ್ರದ ಬಯಲು. ಗಾಳಿಪಟ. ಹಡಗುಗಳು ಸಾಲಾಗಿ ನಿಂತಿವೆ. ಕಿತ್ತಳೆ ಬಣ್ಣದ ಎಳನೀರು ಕುಡಿದೆವು. ಮೇಲೆ ತಂತಿ ಹಿಡಿದುಕೊಂಡು ಓಡುವ ಬಸ್ಸನ್ನು ಇವರು ಮೂರು ಸಲ ಹತ್ತಿ ಇಳಿದರು. ಡಿಸೆಂಬರ್ ಎಂದರೆ ನಂಬಲಾರದ ಸೆಕೆ.

“ರಾವಣನ ಊರು ಇಷ್ಟು ಸ್ವಚ್ಛ ಅದ ಅಂತ ಪುರಾಣದಾಗ ಯಾಕ ಬರದಿಲ್ಲ?”

“ಬರದವರು ಆ ಕಡಿ ಮಂದಿ ಅಲ್ಲೇನು.”

“ಅದೂ ಖರೆ. ಆದ್ರ ಚಟ್ನಿಗೂ ಮೀನು ಪುಡಿ ಹಾಕತಾರಂತ. ಅದನ್ನೂ ಬರದಿಲ್ಲ. ಹನುಮಪ್ಪ ಇಲ್ಲಿ ಏನು ಉಂಡನೋ.”

ನಗಿಸಿದರು. ನಕ್ಕೆ. ಆಮೇಲೆ ಸಮುದ್ರದ ಕಡೆ ಮುಖ ಮಾಡಿ ಕೂತೆ.

ಈ ಡೈರಿಯ ರಟ್ಟಿನ ಕವರಿನೊಳಗೆ ಒಂದು ಕಾಗದ ಇದೆ. ಜೂನ್‌ನಲ್ಲಿ ಬಂದದ್ದು. ಉರ್ದುವಿನಲ್ಲಿ. ಬರೆದವಳು ಶಮೀಮ್. ನಮ್ಮ ಎಡಗಡೆಯ ಮನೆಯಲ್ಲಿದ್ದ ಮುನ್ಷಿ ದಸ್ತಗೀರ ಸಾಹೇಬರ ಮಗಳು. ‘ಅಬ್ಬಾ ತೀರಿಕೊಂಡು ಎರಡು ವರ್ಷವಾಯಿತು. ಮಾಮಾನ ಹತ್ತಿರ ಕೊಲಂಬೋದಲ್ಲಿದ್ದೇವೆ. ಅಮ್ಮೀ ನಿಮ್ಮನ್ನು ನೆನೆಯದ ದಿನವಿಲ್ಲ.’ ಕೆಳಗೆ ಪೆಟ್ಟಾ ಎಂಬ ಪೇಟೆಯ ಒಂದು ಓಣಿಯ ವಿಳಾಸ.

ಇವರಿಗೆ ತೋರಿಸಿಲ್ಲ. ದಸ್ತಗೀರ ಸಾಹೇಬರು ಇವರ ಗೆಳೆಯರು, ಒಂದೇ ಕಚೇರಿ. ತೋರಿಸಿದ್ದರೆ ಆ ದಿನವೇ ಹೊರಡುತ್ತಿದ್ದರು. ಹಾಗಾಗಿ ತೋರಿಸಲಿಲ್ಲ. ಆದರೂ ಇವರನ್ನು ಇಲ್ಲಿಯತನಕ ಕರೆತಂದಿದ್ದೇನೆ. ನನಗೇ ಅರ್ಥವಾಗುವುದಿಲ್ಲ… ಹೇಳಬೇಕು ಎಂದು ಬಂದೆ. ಖಾಜಾಬೀಗೆ. ಅವಳ ಮುಖ ನೋಡಿ. ಒಂದೇ ಮಾತು.

೨೨-೧೨, ಬುಧವಾರ. ಮಧ್ಯಾಹ್ನ

ಪ್ರಾಣಿ ಸಂಗ್ರಹಾಲಯ. ಆನೆಗಳು ಕುಣಿದವು. ಒಂದು ಆನೆ ಸ್ಟೂಲಿನ ಮೇಲೆ ಕೂತು ಸಲಾಮು ಹೊಡೆಯಿತು. “ನಮ್ಮ ಹಳೇ ತಹಸೀಲ್ದಾರ ಸಾಹೇಬರು ಹಿಂಗ ಕೂಡತಿದ್ದರು” ಎಂದರು ಇವರು. ಬಸ್ಸು ಪೆಟ್ಟಾದ ಮೇಲೆಯೇ ಹೋಗಿ ಬಂತು. ಎರಡೂ ಸಲ ನಾನು ಬೋರ್ಡು ಓದದೆ ಕಣ್ಣು ತಗ್ಗಿಸಿದೆ. ಈಗ ಇವರು ಮಲಗಿದ್ದಾರೆ.

ಬರೆದುಬಿಡುತ್ತೇನೆ. ಆರು ವರ್ಷದಲ್ಲಿ ಒಮ್ಮೆಯೂ ಬರೆದಿಲ್ಲ. ೧೯೪೮ರ ಡೈರಿಯ ಸೆಪ್ಟೆಂಬರ್ ೨೬ರ ಪುಟದಲ್ಲಿ ‘ಮೋಡ. ಮಳೆ ಇಲ್ಲ’ ಎಂದಷ್ಟೇ ಇದೆ.

ನಿಜಾಮನ ಮೇಲಿನ ಪೊಲೀಸ್ ಆಕ್ಷನ್ ಮುಗಿದು ಒಂಬತ್ತು ದಿನ. ಅದಕ್ಕೆ ಮೊದಲು, ಬೇಸಿಗೆಯಲ್ಲಿ, ನಿಜಾಮನ ಕಡೆಯ ರಜಾಕಾರರು ನಮ್ಮ ಓಣಿಗೆ ಬಂದಾಗ ದಸ್ತಗೀರ ಸಾಹೇಬರು ನಮ್ಮ ಬಾಗಿಲಿಗೆ ಅಡ್ಡ ಕುರ್ಚಿ ಹಾಕಿಕೊಂಡು ಇಡೀ ಮಧ್ಯಾಹ್ನ ಕೂತಿದ್ದರು. ಯಾರೂ ಒಳಗೆ ಬರಲಿಲ್ಲ. ಸೆಪ್ಟೆಂಬರಿನಲ್ಲಿ ಭಯ ಮನೆ ಬದಲಿಸಿ ಅವರ ಮನೆಗೆ ಹೋಯಿತು. ಸಾಹೇಬರು ಹೈದರಾಬಾದಿನಲ್ಲಿ ಸಿಕ್ಕಿಕೊಂಡಿದ್ದರು. ಮನೆಯಲ್ಲಿ ಹೆಂಡತಿ ಖಾಜಾಬೀ, ಹತ್ತು ವರ್ಷದ ಶಮೀಮ್, ಸಾಹೇಬರ ತಾಯಿ ಬಡೀಮಾ. ಬಡೀಮಾಗೆ ಉಬ್ಬಸ. ನನಗೆ ಉರ್ದು ಅಕ್ಷರ ಕಲಿಸಿದವರು ಅವರು. ಹಿತ್ತಲ ಗೋಡೆಯ ಆಚೆ ಅವರು, ಈಚೆ ನಾನು, ನಡುವೆ ಸ್ಲೇಟು. ಒಂದು ಸಾಲು ಓದುವಷ್ಟರಲ್ಲಿ ಎರಡು ಸಲ ಕೆಮ್ಮುತ್ತಿದ್ದರು.

೨೫ರಂದು ಯಾವುದೋ ಹೊರಗಿನ ಊರಿನ ಮೂವರು ಓಣಿಯಲ್ಲಿ ಸುತ್ತಾಡಿ, ಯಾರು ಯಾವ ಮುಸಲ್ಮಾನರನ್ನು ಮನೆಯೊಳಗೆ ಇಟ್ಟುಕೊಂಡಿದ್ದೀರಿ ಎಂದು ಕೇಳಿ ಹೋದರು. ಮರುದಿನ ಬೆಳಿಗ್ಗೆ ಇವರು ಕಚೇರಿ ಕೆಲಸಕ್ಕೆ ಮಕ್ತಲಕ್ಕೆ ಹೋದರು. ಹತ್ತು ಗಂಟೆ ಇರಬಹುದು. ಕವಿತೆಯ ಪುಸ್ತಕ ಹಿಡಿದು ಕೂತಿದ್ದೆ. ಹಿತ್ತಲ ಬಾಗಿಲು ಸದ್ದಾಯಿತು. ಒಂದು ಗೇಣು ತೆರೆದೆ. ಪಕ್ಕದ ಮನೆಯ ಮೂವರೂ ನಿಂತಿದ್ದರು. ಕೈಯಲ್ಲಿ ಏನೂ ಇಲ್ಲ. ಬಡೀಮಾನ ಕಾಲಲ್ಲಿ ಚಪ್ಪಲಿ ಇರಲಿಲ್ಲ.

“ಬಾಯಾರ, ಇವತ್ತೊಂದು ದಿನ…” ಎಂದಳು ಖಾಜಾಬೀ.

ನಾನು ಹೇಳಿದೆ: “ಇವತ್ತು ನಮ್ಮತ್ತೀದು ಪಕ್ಷ ಅದ, ಖಾಜಾಬೀ. ಮಡಿಯೊಳಗ ಇದ್ದೀನಿ. ಸಂಜಿಗೆ ಬರ್ರಿ.”

ಅತ್ತೆಯ ಪಕ್ಷ, ಪಿತೃಪಕ್ಷದ ಶ್ರಾದ್ಧ, ಇದ್ದದ್ದು ಎರಡು ದಿನದ ಮೇಲೆ. ನಾನು ಮಡಿಯಲ್ಲಿ ಇರಲಿಲ್ಲ. ಮಡಿಯನ್ನು ನಂಬಿದವಳೂ ಅಲ್ಲ. ಹಾಸ್ಟೆಲಿನಲ್ಲಿ ಅದರ ವಿರುದ್ಧ ಮಾತಾಡಿ ಡಿಬೇಟಿನಲ್ಲಿ ಕಪ್ ಗೆದ್ದಿದ್ದೆ. ಬಾಯಿಗೆ ಬಂದದ್ದು ಅದೇ. ಖಾಜಾಬೀ ಹತ್ತು ವರ್ಷದಿಂದ ಪಕ್ಕದ ಮನೆಯಲ್ಲಿದ್ದವಳು, ಮಡಿ ಎಂದರೆ ಎದುರು ಮಾತಾಡುವವಳಲ್ಲವೆಂದು ನನಗೆ ಗೊತ್ತಿತ್ತು. ಖಾಜಾಬೀ ಎರಡು ಹೆಜ್ಜೆ ಹಿಂದೆ ಸರಿದಳು. ನನಗೆ ತಾಗಬಾರದೆಂದು ಸೆರಗು ಒಟ್ಟುಮಾಡಿಕೊಂಡಳು. ಶಮೀಮಳನ್ನೂ ಹಿಂದಕ್ಕೆ ಎಳೆದಳು.

ಸಂಜೆ ಯಾರೂ ಬರಲಿಲ್ಲ.

ಇವರು ಮಕ್ತಲದಿಂದ ಬಂದವರೇ, “ಅವರು ಇಲ್ಲಿಗೆ ಬಂದಿದ್ದರೇನು?” ಎಂದರು. ಇಲ್ಲ ಎಂದೆ.

೨೪-೧೨, ಶುಕ್ರವಾರ

ನಿನ್ನೆ ಮ್ಯೂಸಿಯಂ. ಬರೆಯಲಿಲ್ಲ.

ಇವತ್ತು ತಿಂಡಿಯ ಹೊತ್ತಿಗೆ ಕಾಗದ ತೆಗೆದು ಇವರ ಮುಂದೆ ಇಟ್ಟೆ. ಕೈಯಲ್ಲಿದ್ದ ಇಡ್ಲಿ ಹಾಗೇ ಉಳಿಯಿತು. ಎರಡು ಸಲ ಓದಿದರು. ದಸ್ತಗೀರ ಸಾಹೇಬರು ತೀರಿಕೊಂಡ ಸಾಲಿನ ಮೇಲೆ ಬೆರಳಿಟ್ಟರು.

“ಜೂನದಾಗ ಬಂದದ್ದು. ಯಾಕ ಹೇಳಲಿಲ್ಲ?”

“ಇಲ್ಲಿ ಬಂದ ಮ್ಯಾಲೆ ಹೇಳೋಣಂತ. ನಿಮಗ ಆಶ್ಚರ್ಯ ಆಗಲಿ ಅಂತ.”

ಇದು ಮೂರನೆಯ ಸುಳ್ಳು. ಲೆಕ್ಕ ಇಡಬಾರದು ಎಂದುಕೊಂಡರೂ ಇಡುತ್ತಿದ್ದೇನೆ.

ಕಣ್ಣೊರೆಸಿಕೊಂಡು ನಕ್ಕರು. “ಭಾರಿ ಹೆಂಗಸು ನೀ.” ನಾಳೆ ಹೋಗುವುದು ಎಂದು ತಾವೇ ಗೊತ್ತುಮಾಡಿದರು. ಅರ್ಧ ಪೇಟೆ ತಿರುಗಿ ಶಮೀಮಳಿಗೆ ಒಂದು ಫೌಂಟನ್ ಪೆನ್ ತಂದಿದ್ದಾರೆ.

೨೫-೧೨, ಶನಿವಾರ. ರಾತ್ರಿ ಎಂಟು

ಊರೆಲ್ಲ ಕ್ರಿಸ್ಮಸ್ ದೀಪ. ಇಕ್ಕಟ್ಟಿನ ಓಣಿ. ಕೆಳಗೆ ಖಾಜಾಬೀಯ ಅಣ್ಣನ ಬಟ್ಟೆ ಅಂಗಡಿ, ಮೇಲೆ ಎರಡು ಕೋಣೆ. ಮೆಟ್ಟಿಲು ಹತ್ತಿದೆವು.

ಬಾಗಿಲಲ್ಲಿ ಅವಳೇ ಇದ್ದಳು. ತಲೆ ಪೂರ್ತಿ ಬಿಳಿ. ನನಗಿಂತ ಆರು ವರ್ಷ ಚಿಕ್ಕವಳು. ನನ್ನ ಕೈ ಹಿಡಿಯಲು ಬಂದು, ಹಿಡಿಯದೆ, ತನ್ನ ಎರಡೂ ಕೈ ಜೋಡಿಸಿದಳು. ನಾನೇ ಹಿಡಿದೆ.

“ಕನ್ನಡ ಮಾತಾಡಿ ಎಷ್ಟ ದಿನ ಆತ್ರಿ ಬಾಯಾರ. ನಾಲಿಗಿ ತುಕ್ಕು ಹಿಡದೈತಿ. ಶಮೀಮ ತಮಿಳು ಕಲ್ತಾಳ, ಸಿಂಹಳಾನೂ ಬರತೈತಿ. ನಾ ಬೈಯಬೇಕಾದ್ರ ಮಾತ್ರ ಕನ್ನಡ.”

“ಅದಕ್ಕ ನಿಮ್ಮ ಅಣ್ಣ ಚಲೋ ಕನ್ನಡ ಮಾತಾಡತಾನ” ಎಂದರು ಇವರು. ಅವಳು ನಕ್ಕಳು. ಅದೇ ನಗು.

ಬಾಳೆಹಣ್ಣು, ಎಳನೀರು. ಪಕ್ಕದ ಬ್ರಾಹ್ಮಣರ ಹೋಟೆಲಿನಿಂದ ತರಿಸಿದ ಹಾಲು. “ಹೊಸಾ ಗಿಲಾಸ ಅದಾವರಿ. ನಾವು ಯಾರೂ ಮುಟ್ಟಿಲ್ಲ. ಹೋಟೆಲಿನವನ ಇಟ್ಟು ಹೋಗ್ಯಾನ.” ಮೇಜಿನಿಂದ ಮಾರು ದೂರ ನಿಂತು ಹೇಳಿದಳು. ನನಗೆ ಕೂರಲಾಗಲಿಲ್ಲ.

ಇವರು ಹಾಲಿನ ಲೋಟ ಪಕ್ಕಕ್ಕೆ ಸರಿಸಿದರು. “ಖಾಜಾಬೀ, ನಿಮ್ಮ ಮನಿಯಾಗ ಚಹಾ ಮಾಡೂದಿಲ್ಲೇನು? ದಸ್ತಗೀರ ದಿನಾ ಕಚೇರಿಯಾಗ ಬೈತಿದ್ದ, ನಮ್ಮಾಕಿ ಚಹಾ ಅಂದ್ರ ಅಮೃತ, ನಿನ್ನ ಪಂಚಾಂಗ ನೋಡಿ ಯಾವಾಗ ಕುಡೀತಿ ಅಂತ. ಇವತ್ತು ನೋಡಿಕೊಂಡು ಬಂದೀನಿ. ಮುಹೂರ್ತ ಚಲೋ ಅದ.”

ಮೂರು ಹೊತ್ತು ಸಂಧ್ಯಾವಂದನೆ ಮಾಡುವವರು. ಅವಳ ಕೈಯ ಚಹಾ ಕುಡಿದರು. ಇನ್ನೊಂದು ಅರ್ಧ ಕಪ್ ಕೇಳಿದರು. ನಾನೂ ಕುಡಿದೆ. ಏನು ರುಚಿ ಎಂದು ಕೇಳಿದರೆ ಹೇಳಲಾರೆ.

ಇವರು ಇರುವತನಕ ಅವಳು ಆ ದಿನದ ಮಾತೇ ಎತ್ತಲಿಲ್ಲ. ಮಾವಿನ ಮರ ಹೇಗಿದೆ, ಓಣಿಯ ಬುಚ್ಚಮ್ಮನ ಮೊಮ್ಮಗನಿಗೆ ಮಾತು ಬಂತೆ, ಬಾವಿಯ ನೀರು ಈಗಲೂ ಉಪ್ಪೆ. ಈಗ ಹೇಳುತ್ತಾಳೆ, ಇವರ ಮುಂದೆ ಹೇಳುತ್ತಾಳೆ ಎಂದು ಕಾದೆ. ಹೇಳಲಿಲ್ಲ. ಆಮೇಲೆ ತಾನೇ ಅಣ್ಣನನ್ನು ಕರೆದು, “ಪೇಶಕಾರ ಸಾಹೇಬರಿಗೆ ದುಕಾನ ತೋರಸು, ನಮ್ಮೂರ ಸೀರಿ ಇಲ್ಲಿ ನಡೀತಾವೇನು ಕೇಳು” ಎಂದಳು. ಇವರು ಉತ್ಸಾಹದಿಂದ ಇಳಿದು ಹೋದರು. ಶಮೀಮ್ ಪೆನ್ನು ಹಿಡಿದುಕೊಂಡು ಹಿಂದೆ.

ಇಬ್ಬರೇ ಉಳಿದೆವು.

ಅವಳು ನನ್ನ ಕಾಲ ಹತ್ತಿರ ನೆಲದ ಮೇಲೆ ಕೂತಳು. ಮೊದಲಿನಿಂದಲೂ ಹಾಗೆ. ಹೇಳಿದಳು.

ನಮ್ಮ ಬಾಗಿಲಿನಿಂದ ಹೋದವರು ಬಲಗಡೆಯ ಸಂಗಮ್ಮನ ಮನೆಗೆ ಹೋಗಿದ್ದರು. ನಮ್ಮ ಗೋಡೆಗೆ ಅಂಟಿದ ಮನೆ. ನೇಯುವವರು. ಎರಡು ಮಗ್ಗ, ಒಂದು ನಿಂತದ್ದು. ನಿಂತ ಮಗ್ಗದ ಕುಣಿಯಲ್ಲಿ, ನೇಯುವವನು ಕಾಲು ಇಳಿಬಿಡುವ ಆ ತಗ್ಗಿನಲ್ಲಿ, ಮೂವರನ್ನೂ ಕೂರಿಸಿ ಮೇಲೆ ಹಲಗೆ ಮುಚ್ಚಿ ನೂಲಿನ ಗಂಟು ಇಟ್ಟರು. ಬಡೀಮಾನ ಕೆಮ್ಮು ಕೇಳಬಾರದೆಂದು ಸಂಗಮ್ಮನ ಗಂಡ ಶಿವಶಂಕರಪ್ಪ ಇನ್ನೊಂದು ಮಗ್ಗ ಬಿಡದೆ ಹೊಡೆದ. ಎರಡು ದಿನ.

“ಮಧ್ಯಾಹ್ನ ಯಾರೋ ಗೋಡಿ ಮ್ಯಾಗಿಂದ, ಮಗ್ಗ ನಿಲ್ಲಸ್ರಿ, ತಲಿ ನೋಯತದ ಅಂದ್ರು. ಸಂಗಮ್ಮ, ಅರ್ಜೆಂಟ್ ಐತ್ರಿ ಅಂದ್ಲು. ನಿಲ್ಲಸಲಿಲ್ಲ.”

ಯಾರೋ. ಅವಳು ಹಾಗೇ ಹೇಳಿದಳು. ಆ ಗೋಡೆಗೆ ನಮ್ಮದಲ್ಲದೆ ಇನ್ನೊಂದು ಮನೆ ಇಲ್ಲ.

“ಎರಡನೇ ದಿನ ಬೆಳಕು ಹರಿಯೂ ಹೊತ್ತಿಗೆ ಶಿವಶಂಕರಪ್ಪ ತೋಳು ಸೋತು ಒಂದ ಘಳಿಗಿ ಕುಂತ. ಬಡೀಮಾ ಎದ್ರು. ನನ್ನಿಂದ ಮಕ್ಕಳಿಗೆ ಆಪತ್ತು ಅಂತ ತಮ್ಮಷ್ಟಕ್ಕ ಅಂದ್ರು. ಹಲಗಿ ಸರಿಸಿದ್ರು. ನಾ ಎಚ್ಚರ ಇದ್ದೆ ಬಾಯಾರ. ಕೈ ಹಿಡದು ಜಗ್ಗಿದ್ರ ಕುಂದರ್ತಿದ್ರು. ನಾ ಕಣ್ಣು ಮುಚ್ಚಿದೆ. ನಿದ್ದಿ ಬಂದಂಗ ಮಾಡಿದೆ. ಮಕ್ತಲದ ದಾರಿ ಹಿಡದ್ರಂತ. ಆಮ್ಯಾಲ ಯಾರೂ ನೋಡಿಲ್ಲ. ಆ ರಾತ್ರಿ ಶಿವಶಂಕರಪ್ಪ ನಮ್ಮಿಬ್ಬರನ್ನ ಹೈದರಾಬಾದಿಗೆ ಮುಟ್ಟಿಸಿದ. ನಮ್ಮ ಮನಿಯವರಿಗೆ ಅವರು ಸಾಯೂ ತನಕ ನಾ ಹೇಳಲಿಲ್ಲ. ಶಮೀಮಗೂ ಹೇಳಿಲ್ಲ. ನಿಮಗೊಬ್ಬರಿಗೆ ಹೇಳಿದೆ.”

ನಮ್ಮ ಮನೆಯಲ್ಲಿ ಕಲ್ಲಿನ ಉಗ್ರಾಣ ಇದೆ. ಒಳಗೆ ಕೂತು ಕೂಗಿದರೂ ಬೀದಿಗೆ ಕೇಳುವುದಿಲ್ಲ.

“ನಿನ್ನ ತಪ್ಪಲ್ಲ, ಖಾಜಾಬೀ” ಎಂದೆ.

“ಹಂಗಾರ ಯಾರದ್ರಿ?”

ಗಡುಸಾಗಿ ಅಲ್ಲ. ನಿಜವಾಗಿ ತಿಳಿಯಬೇಕಾದವರು ಕೇಳುವಂತೆ ಕೇಳಿದಳು. ಮುಖ ಎತ್ತಿ ನನ್ನನ್ನೇ ನೋಡುತ್ತಿದ್ದಳು. ಒಂದೇ ಮಾತು. ಅದಕ್ಕಾಗಿಯೇ ಬಂದದ್ದು.

“ಕಾಲದ್ದು” ಎಂದೆ.

ಎಂ.ಎ. ಉತ್ತರ.

ಅವಳು, “ಶಮೀಮ ಕೇಳತಿದ್ಲು, ಬಾಯಾರು ನಮ್ಮನ್ನ ಯಾಕ ಒಳಗ ಕರೀಲಿಲ್ಲ ಅಂತ. ಮಡ್ಯಾಗ ಇದ್ರು ಬೇಟಾ, ಅವರರ ಏನ ಮಾಡ್ತಾರ ಅಂತ ಹೇಳೀನಿ. ಹೌದಲ್ರಿ?” ಎಂದಳು.

“ಹೌದು” ಎಂದೆ.

ಮೆಟ್ಟಿಲ ಮೇಲೆ ಇವರ ದನಿ. ನಾರಾಯಣಪೇಟೆ ಸೀರೆಗೆ ಇಲ್ಲಿ ಬೇಡಿಕೆ ಇದೆಯಂತೆ.

೨೮-೧೨, ಮಂಗಳವಾರ

ಕೆಲನಿಯ ವಿಹಾರ ನೋಡಿದೆವು. ತಾವರೆ ಹೂ ಮಾರುವವರು. ಬರೆಯುವಂಥದ್ದು ಬಹಳ ಇತ್ತು. ಬರೆಯಲಾರೆ.

ನಿನ್ನೆ ಒಬ್ಬಳೇ ಪೆಟ್ಟಾಕ್ಕೆ ಹೋದೆ. ಇವರಿಗೆ ಲೇಸ್ ಕೊಳ್ಳಬೇಕು ಎಂದೆ. ಓಣಿಯ ತಿರುವಿನವರೆಗೆ ಹೋಗಿ ನಿಂತೆ. ಮೇಲಿನ ಕಿಟಕಿಯಲ್ಲಿ ಅವಳು ಒದ್ದೆ ಬಟ್ಟೆ ಹರವುತ್ತಿದ್ದಳು. ಹಾಡುತ್ತಿದ್ದಳೋ ಏನೋ. ಲೇಸ್ ಕೊಂಡು ವಾಪಸು ಬಂದೆ.

ಹೇಳಿದರೆ ಅವಳ ಎದೆಯ ಭಾರ ಇಳಿಯುತ್ತದೆ. ಇಷ್ಟು ಗೊತ್ತಿದೆ. ಅವಳು ಆರು ವರ್ಷದಿಂದ ಹೊತ್ತಿರುವುದು ನನ್ನದು. ಹೇಳದಿದ್ದರೆ ಅವಳ ಕಣ್ಣಿನಲ್ಲಿ ನಾನು ಹಾಗೇ ಉಳಿಯುತ್ತೇನೆ. ಮಡಿಯವಳು, ಓದಿದವಳು, ದೊಡ್ಡವಳು. ಎರಡನ್ನೂ ತೂಗಿ ನೋಡಿದ್ದೇನೆ. ತೂಗಿದ್ದೇ ಹೇಸಿಗೆ.

೨೯-೧೨, ಬುಧವಾರ. ಫೋರ್ಟ್ ಸ್ಟೇಷನ್. ಸಂಜೆ

ಖಾಜಾಬೀ ಪ್ಲಾಟ್‌ಫಾರ್ಮಿಗೆ ಬಂದಳು. ಬುರ್ಖಾ ಹಾಕಿಕೊಂಡು, ಶಮೀಮಳ ಕೈ ಹಿಡಿದು. ಸಂಗಮ್ಮನಿಗೆಂದು ಒಂದು ಗಂಟು. ಏಲಕ್ಕಿ, ದಾಲ್ಚಿನ್ನಿ, ಒಂದು ಡಬ್ಬಿ ಚಹಾ. “ನಿಮಗ ಏನೂ ಕೊಡಲಿಲ್ಲರಿ. ನೀವು ಬಂದದ್ದ ನನಗ ಹಬ್ಬ.”

ಇವರು ಸಾಮಾನು ಒಳಗಿಡಲು ಹೋದರು. ಶಮೀಮ್ ಗಾಡಿಯ ಎಂಜಿನ್ ನೋಡಲು.

ಖಾಜಾಬೀ ಮುಖದ ಪರದೆ ಎತ್ತಿದಳು. “ಏನಾರ ಹೇಳೂದು ಐತೇನ್ರಿ ಬಾಯಾರ?”

“ಏನಿಲ್ಲ. ಮೈ ನೋಡಿಕೋ. ಕಾಗದ ಬರಿ.”

“ಆತ್ರಿ” ಎಂದು ಪರದೆ ಇಳಿಸಿದಳು.

೩೧-೧೨, ಶುಕ್ರವಾರ. ರೈಲು. ಗುಂತಕಲ್ ದಾಟಿದೆ

ನಿನ್ನೆ ಹಡಗಿನಲ್ಲಿ ಇವರಿಗೆ ಹೇಳಿದೆ. ಹಗಲು, ಜನ, ಉಪ್ಪು ಗಾಳಿ. ಇವರು ಧನುಷ್ಕೋಟಿ ಕಾಣುತ್ತದೆಯೇ ಎಂದು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡುತ್ತಿದ್ದರು. “ಅವತ್ತು ಅವರು ನಮ್ಮನಿಗೆ ಬಂದಿದ್ದರು. ನಾನು ಮಡಿ ಅಂತ ಸುಳ್ಳು ಹೇಳಿ ಕಳಿಸಿದೆ. ಆಮೇಲೆ ನಿಮಗೂ ಸುಳ್ಳು ಹೇಳಿದೆ” ಎಂದೆ. ಬಡೀಮಾ ಎದ್ದುಹೋದದ್ದನ್ನು ಹೇಳಲಿಲ್ಲ. ಅದು ಖಾಜಾಬೀದು.

ಕೈ ಇಳಿಸಲಿಲ್ಲ.

“ಅವರನ್ನ ಹುಡುಕತ ಮಕ್ತಲದಾಗ ಒಂದು ಧರ್ಮಶಾಲಾ ಬಿಡಲಿಲ್ಲ ನಾನು. ಆಮೇಲೆ ಗದ್ವಾಲಕ್ಕ ಹೋದೆ. ಹೊಳಿ ತುಂಬಿತ್ತು. ಹರಗೋಲದ ಸಾಯಣ್ಣ ಬರಲೊಲ್ಲೆ ಅಂದ. ಅವನ ಕಾಲು ಹಿಡಿಯೂದೊಂದು ಬಾಕಿ.” ಕೈ ಇಳಿಸಿ, “ಬುತ್ತಿ ಕಟ್ಟಿ ಕೊಟ್ಟಾಕಿ ನೀನ” ಎಂದರು.

ಬೈಯಲಿಲ್ಲ. ಬೈದಿದ್ದರೆ ಕಿವಿಗೊಟ್ಟು ಕೂತಿರುತ್ತಿದ್ದೆ. ಅಲ್ಲಿಂದ ಇಲ್ಲಿಯತನಕ ‘ನೀರು ಬೇಕೇನು’, ‘ಕಿಟಕಿ ಹಾಕಲೇನು’ ಇಷ್ಟೇ. ಮಂತ್ರಾಲಯ ರೋಡ್ ಬಂದಾಗ ಇಳಿದು, ಸ್ಟೇಷನ್ನಿನ ಅಂಚಿನಲ್ಲಿ ನಿಂತು ರಾಯರ ದಿಕ್ಕಿಗೆ ಕೈ ಮುಗಿದರು. ಯಾವಾಗಲೂ ನನ್ನನ್ನೂ ಕರೆಯುವವರು. ಕರೆಯಲಿಲ್ಲ.

೩-೧-೧೯೫೫, ಸೋಮವಾರ. ನಾರಾಯಣಪೇಟೆ

ಮನೆ. ಧೂಳು. ಬೆಳಗಿನಿಂದ ಸಂಗಮ್ಮನ ಮನೆಯ ಮಗ್ಗದ ಸದ್ದು. ಕಿವಿಗೆ ಕೈ ಹೋಯಿತು. ತೆಗೆದೆ. ಕೇಳುತ್ತಾ ಕೂತೆ.

ಊರಿಗೆ ಬಂದದ್ದೇ ಓಣಿಯವರೆಲ್ಲ ಕೊಲಂಬೋ ಕಥೆ ಕೇಳಲು ಬಂದರು. ಇವರು ಆನೆ ಸಲಾಮು ಹೊಡೆದದ್ದು ಹೇಳಿದರು. ಎಲ್ಲರೂ ನಕ್ಕರು. ರಾಘಣ್ಣಾಚಾರ್ಯರು ಪ್ರಾಯಶ್ಚಿತ್ತದ ಮಾತು ತೆಗೆದಾಗ ಇವರು ಜೋಕ್ ಮಾಡಲಿಲ್ಲ. “ಮಾಡಿಸ್ರಿ ಆಚಾರ್ರ. ಇಬ್ಬರಿಗೂ ಮಾಡಿಸ್ರಿ” ಎಂದರು. ನನ್ನ ಕಡೆ ನೋಡಲಿಲ್ಲ.

ಎಂ.ಎ. ಬಾಯಾರ ಎಂದು ಕರೆದು ಐದು ದಿನ ಆಯಿತು.

ಸಂಗಮ್ಮನ ಗಂಟು ಇನ್ನೂ ನನ್ನ ಪೆಟ್ಟಿಗೆಯಲ್ಲೇ ಇದೆ.

೫-೧, ಬುಧವಾರ

ಖಾಜಾಬೀಗೆ ಕಾಗದ. ಮೊದಲನೆಯದರಲ್ಲಿ ಭಯದ ವಿವರಣೆ ಎರಡು ಪುಟ. ಹರಿದೆ. ಎರಡನೆಯದರಲ್ಲಿ ಆ ದಿನಗಳ ಊರಿನ ಪರಿಸ್ಥಿತಿ. ಹರಿದೆ. ಮೂರನೆಯದು ಚೆನ್ನಾಗಿತ್ತು, ಓದಿದರೆ ಕಣ್ಣಲ್ಲಿ ನೀರು ಬರುವಂತಿತ್ತು. ಅದಕ್ಕೇ ಹರಿದೆ.

ನಾಲ್ಕನೆಯದು ಮೂರು ಸಾಲು. ಉರ್ದುವಿನಲ್ಲಿ. ಬಡೀಮಾ ಕಲಿಸಿದ ಅಕ್ಷರ, ಇನ್ನೂ ಸೊಟ್ಟ. ಅವತ್ತು ನಮ್ಮ ಮನೆಯಲ್ಲಿ ಪಕ್ಷ ಇರಲಿಲ್ಲ. ನಾನು ಮಡಿಯಲ್ಲಿ ಇರಲಿಲ್ಲ. ಬಡೀಮಾ ಹೋದದ್ದು ನಿನ್ನಿಂದ ಅಲ್ಲ, ನನ್ನಿಂದ.

ಓದುವವಳು ಶಮೀಮ್. ಅವಳ ಅಮ್ಮನಿಗೆ ಓದಲು ಬರುವುದಿಲ್ಲ. ಈಗ ಹೊಳೆಯಿತು. ಹದಿನಾರು ವರ್ಷದ ಹುಡುಗಿ, ಜೋರಾಗಿ ಓದಿ ಹೇಳಬೇಕು, ಅಜ್ಜಿ ಯಾಕೆ ಹೋದಳೆಂದು. ಖಾಜಾಬೀ ತಾನೇ ಹೇಳದೆ ಇಟ್ಟುಕೊಂಡದ್ದು. ಮೂರನೆಯ ಸಾಲು ಹೊಡೆದುಹಾಕಿದೆ. ಮೊದಲಿನ ಎರಡು ಸಾಲು ಸಾಕು, ಖಾಜಾಬೀಗೆ ಅರ್ಥವಾಗುತ್ತದೆ. ಲಕೋಟೆ ಅಂಟಿಸಿದೆ. ನಾಳೆ ಹಾಕುತ್ತೇನೆ.

೬-೧, ಗುರುವಾರ. ಬೆಳಿಗ್ಗೆ ಹನ್ನೊಂದು

ಈಗಷ್ಟೇ ಸಂಗಮ್ಮ ಹೋದಳು. ಅವಳಿಗೆ ಕೊಡಬೇಕಾದ ಗಂಟಿನ ಸುದ್ದಿ ಇವರು ನಿನ್ನೆ ಹೇಳಿದ್ದರಂತೆ. ಹಿತ್ತಲ ಬಾಗಿಲಿಗೆ ಬಂದಳು. ಒಳಗೆ ಬಾ ಎಂದೆ. “ಇಲ್ಲೇ ಬೇಸ ಐತ್ರಿ ಅಮ್ಮಾರ, ಕೈಗೆಲ್ಲ ಗಂಜಿ” ಎಂದು ಹೊರಗೇ ನಿಂತಳು. ಗಂಟು ಕೊಟ್ಟೆ. ಬಿಚ್ಚಿ ದಾಲ್ಚಿನ್ನಿ ಮೂಸಿದಳು. “ಎಷ್ಟ ದೂರದಿಂದ ಬಂದೈತಿ ನೋಡ್ರಿ, ಇನ್ನೂ ವಾಸನಿ ಹೋಗಿಲ್ಲ. ಹೆಂಗದಾಳರಿ ಖಾಜಾಬೀ?”

ಚೆನ್ನಾಗಿದ್ದಾಳೆ ಎಂದೆ. ತಲೆ ಬೆಳ್ಳಗಾಗಿದೆ ಎಂದೆ. ಆಮೇಲೆ, ಲಕೋಟೆ ಕೈಯಲ್ಲೇ ಇತ್ತು, ಹೇಳಿಬಿಟ್ಟೆ. “ಸಂಗಮ್ಮಾ, ಆಕಿಗೆ ಒಂದು ಮಾತು ಬರದೀನಿ. ಅವತ್ತು ನಾ ಮಡಿಯೊಳಗ ಇರಲಿಲ್ಲ. ಸುಳ್ಳು ಹೇಳಿ ಬಾಗಿಲದಿಂದನ ಕಳಿಸಿದೆ. ಆಕಿ ಇವತ್ತಿಗೂ ಅದನ್ನ ನಂಬಿಕೊಂಡಾಳ.”

ಸಂಗಮ್ಮ ಗಂಟನ್ನು ಮತ್ತೆ ಕಟ್ಟಿದಳು. ಬಿಗಿಯಾಗಿ, ನೂಲು ಕಟ್ಟುವವರು ಕಟ್ಟುವಂತೆ. ನನ್ನ ಮುಖ ನೋಡಲಿಲ್ಲ. ಹಿತ್ತಲ ಕಡೆ, ಮಾಡಿನ ಕೆಳಗೆ ನೋಡಿಕೊಂಡು ಹೇಳಿದಳು:

“ಗೊತ್ತೈತ್ರಿ ಆಕಿಗೆ. ನಿಮ್ಮ ಮಡಿ ಸೀರಿ ನಿಮ್ಮ ಮೈಮ್ಯಾಗ ಇರಲಿಲ್ಲ, ಆ ಗಳದ ಮ್ಯಾಗ ಒಣಗಾಕತ್ತಿತ್ತು, ಆಕಿ ಅದರ ಬುಡಕನ ನಿಂತಿದ್ಲು. ಕುಣ್ಯಾಗ ಇಳಿಯಾಕ ಮೊದಲ ನನ್ನ ಕೈ ಹಿಡದು ಅದನ್ನ ಹೇಳಿದ್ಲು— ಸಂಗಮ್ಮಾ, ನೀನೂ ನೋಡಿದ್ರ ಯಾರ ಮುಂದೂ ಅನ್ನಬ್ಯಾಡ, ಬಾಯಾರಿಗೆ ನಾಚಿಕಿ ಆಗತೈತಿ, ಅಂತ.”